ಹೆಣ್ಣುಮಕ್ಕಳ ಖಾಸಗಿ ಶಾಲೆ: ಅಪ್ಪ-ಅಮ್ಮ ಕಂಡದ್ದು, ಮಗಳು ಕಂಡದ್ದು

ಮಗಳನ್ನು ಹೆಣ್ಣುಮಕ್ಕಳ ಖಾಸಗಿ ಶಾಲೆಗೆ ಸೇರಿಸುವ ಯೋಚನೆ ಬಂದ ಮನೆಯವರು ಮೊದಲು ಮಾಡುವ ಕೆಲಸ ನಾಲ್ಕು ಜನರನ್ನು ವಿಚಾರಿಸುವುದು. ‘ತುಂಬಾ ಚೆನ್ನಾಗಿ ನೋಡ್ಕೋತಾರೆ, ಯೋಚನೆ ಮಾಡ್ದೆ ಸೇರಿಸಿ’ ಎನ್ನುತ್ತಾರೆ ಒಬ್ಬ ತಾಯಿ. ಒಂಬತ್ತನೇ ತರಗತಿಯಲ್ಲಿರುವ ಅವರ ಮಗಳನ್ನು ಬೇರೆಯಾಗಿ ಕೇಳಿದರೆ ‘ಪರವಾಗಿಲ್ಲ ಆಂಟಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಶಾಲೆಯ ಬೇರೆ ಬೇರೆ ಭಾಗಗಳನ್ನು ಅವರು ನೋಡಿದ್ದಾರೆ, ಅಷ್ಟೆ. ಈ ಅನುಭವಗಳು ಯಾಕೆ ಬೇರೆಯಾಗುತ್ತವೆ, ಯಾವುದಕ್ಕೆ ಎಷ್ಟು ತೂಕ ಕೊಡಬೇಕು, ಇಂಥ ಶಾಲೆಯಲ್ಲಿ ನಿಜವಾಗಿ ಏನು ಬದಲಾಗುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಟಿಕೆಟ್ ಕೊಂಡವರು, ಪ್ರಯಾಣ ಮಾಡುವವರು

ಮಗಳನ್ನು ದೂರದ ಬಸ್ಸಿಗೆ ಹತ್ತಿಸಿ ಬಂದ ತಂದೆತಾಯಿಗೆ ಟಿಕೆಟ್ಟಿನ ದರ ಗೊತ್ತು. ಬಸ್ಸು ಹೊರಟ ಹೊತ್ತು ಗೊತ್ತು, ತಲುಪಿದ ಹೊತ್ತು ಗೊತ್ತು. ಕಿಟಕಿ ತೆರೆಯುತ್ತಿತ್ತೇ, ಪಕ್ಕದ ಸೀಟಿನವರು ಹೇಗಿದ್ದರು, ಬಸ್ಸು ನಿಂತಲ್ಲಿ ಇಳಿಯಲು ಬಿಟ್ಟರೇ ಎಂಬುದು ಪ್ರಯಾಣ ಮಾಡಿದವಳಿಗೆ ಮಾತ್ರ ಗೊತ್ತು. ಶಾಲೆಯೂ ಹೀಗೆಯೇ. ತಂದೆತಾಯಿಗೆ ಕಾಣುವುದು ಗೇಟು, ಸುತ್ತೋಲೆ, ಅಂಕಪಟ್ಟಿ, ವಾರ್ಷಿಕೋತ್ಸವ, ಫೀಸಿನ ರಸೀದಿ ಮತ್ತು ಪೇರೆಂಟ್ಸ್ ಮೀಟಿಂಗಿನ ಹತ್ತು ನಿಮಿಷ. ಮಗಳಿಗೆ ಕಾಣುವುದು ಕಾರಿಡಾರು, ಶೌಚಾಲಯ, ಊಟದ ಬಿಡುವು, ಶಾಲಾ ಬಸ್ಸಿನ ಹಿಂದಿನ ಸೀಟು. ವರ್ಷಕ್ಕೆ 200 ದಿನ, ದಿನಕ್ಕೆ 6 ಗಂಟೆ ಎಂದು ಹಿಡಿದರೂ ಅವಳು ಅಲ್ಲಿ 1,200 ಗಂಟೆ ಕಳೆಯುತ್ತಾಳೆ. ಹೆಚ್ಚಿನ ತಂದೆತಾಯಿ ಇಡೀ ವರ್ಷದಲ್ಲಿ ಒಳಗೆ ಕಳೆಯುವುದನ್ನು ಬೆರಳಲ್ಲಿ ಎಣಿಸಬಹುದು.

ಆದರೂ ಮಗಳ ಮಾತೊಂದೇ ಸಾಕು ಎನ್ನುವಂತಿಲ್ಲ. ಅವಳಿಗೆ ಹೋಲಿಸಿ ನೋಡಲು ಇನ್ನೊಂದು ಶಾಲೆಯ ಅನುಭವ ಇರುವುದಿಲ್ಲ. ನಿನ್ನೆ ಗೆಳತಿ ಠೂ ಬಿಟ್ಟಿದ್ದರೆ ಇಂದು ಇಡೀ ಶಾಲೆ ಬೇಡವೆನಿಸುತ್ತದೆ. ದೊಡ್ಡವರ ಮಾತಿಗೂ ಇಂಥದೇ ಮಿತಿಗಳಿವೆ. ಈ ವರ್ಷವಷ್ಟೇ ದೊಡ್ಡ ಮೊತ್ತ ಕಟ್ಟಿ ಸೇರಿಸಿದವರಿಗೆ ತಮ್ಮ ಆಯ್ಕೆ ಸರಿ ಎಂದು ನಂಬುವ ಅಗತ್ಯವಿರುತ್ತದೆ. ಬಿಡಿಸಿಕೊಂಡು ಹೋದವರಿಗೆ ಬಿಟ್ಟದ್ದು ಸರಿ ಎಂದು ನಂಬಬೇಕಿರುತ್ತದೆ. ತಾವಾಗಿಯೇ ಮಾತಾಡಲು ಮುಂದೆ ಬರುವವರು ಬಹುತೇಕ ಬಹಳ ಖುಷಿಯಾದವರು, ಇಲ್ಲವೇ ಬಹಳ ನೊಂದವರು. ನಡುವೆ ಇರುವ ದೊಡ್ಡ ಗುಂಪನ್ನು ನಾವೇ ಹುಡುಕಿಕೊಂಡು ಹೋಗಿ ಕೇಳಬೇಕಾಗುತ್ತದೆ.

ಅನುಭವಕ್ಕೆ ವಯಸ್ಸೂ ಇದೆ. ಪ್ರಾಂಶುಪಾಲರು ಬದಲಾಗಿದ್ದರೆ ಅದಕ್ಕೆ ಹಿಂದಿನ ಅನುಭವ ಹೆಚ್ಚುಕಡಿಮೆ ಬೇರೊಂದು ಶಾಲೆಯದು. ಮೂರನೇ ತರಗತಿಯ ಮಗುವಿಗೆ ಹಿತವಾಗಿರುವ ಶಾಲೆ ಎಂಟನೆಯದಕ್ಕೆ ಬರುವಷ್ಟರಲ್ಲಿ ಬಿಗಿಯಾಗಿರಬಹುದು. ಆದ್ದರಿಂದ ಯಾರೇ ಏನೇ ಹೇಳಲಿ, ‘ಯಾವ ವರ್ಷ, ಯಾವ ತರಗತಿ?’ ಎಂಬ ಪ್ರಶ್ನೆ ಮೊದಲು ಬರಲಿ.

‘ಖಾಸಗಿ’ ಎಂದರೆ, ‘ಹೆಣ್ಣುಮಕ್ಕಳಿಗೆ ಮಾತ್ರ’ ಎಂದರೆ

ಇವು ಎರಡು ಬೇರೆ ಬೇರೆ ಗುಣಗಳು. ಮಾತಿನಲ್ಲಿ ಮಾತ್ರ ಸದಾ ಬೆರೆತುಹೋಗುತ್ತವೆ. ಖಾಸಗಿ ಎಂದರೆ ಆಡಳಿತ ಸರ್ಕಾರದ ಕೈಯಲ್ಲಿಲ್ಲ. ಒಂದು ಟ್ರಸ್ಟೋ ಧಾರ್ಮಿಕ ಸಂಸ್ಥೆಯೋ ಕಂಪನಿಯೋ ಅದನ್ನು ನಡೆಸುತ್ತದೆ, ಖರ್ಚು ಬಹುಪಾಲು ಫೀಸಿನಿಂದ ಸಾಗುತ್ತದೆ. ಚಿಕ್ಕ ತರಗತಿ, ಒಳ್ಳೆಯ ಪ್ರಯೋಗಾಲಯ, ಫೀಸು ಕಟ್ಟಬಲ್ಲ ಮನೆಗಳ ಮಕ್ಕಳು, ನಿಯಮ ಮಾಡುವ ಸ್ವಾತಂತ್ರ್ಯ ಇವೆಲ್ಲ ಖಾಸಗಿಯ ಗುಣಗಳು. ಹುಡುಗರು ಇಲ್ಲದಿರುವುದು ಇನ್ನೊಂದು ಗುಣ. ‘ಹೆಣ್ಣುಮಕ್ಕಳ ಶಾಲೆಯಾದ್ದರಿಂದ ಪ್ರತಿ ಮಗುವಿಗೂ ಗಮನ ಕೊಡುತ್ತಾರೆ’ ಎಂದು ಯಾರಾದರೂ ಹೇಳಿದರೆ ಅವರು ಹೊಗಳುತ್ತಿರುವುದು ಬಹುಶಃ ತರಗತಿಯಲ್ಲಿ 25 ಮಕ್ಕಳಿರುವುದನ್ನು. ಅದು ಸಹಶಿಕ್ಷಣದ ಖಾಸಗಿ ಶಾಲೆಯಲ್ಲೂ ಸಿಗಬಹುದು.

‘ಮಾತ್ರ’ ಎಂಬುದರಲ್ಲೂ ಬಗೆಗಳಿವೆ. ಕೆಲವು ಶಾಲೆಗಳು ಮೊದಲ ತರಗತಿಯಿಂದ ಕೊನೆಯವರೆಗೆ ಹಾಗೆಯೇ ನಡೆಯುತ್ತವೆ. ಕೆಲವು ಕೊನೆಯ ಎರಡು ವರ್ಷಕ್ಕೆ ಹುಡುಗರನ್ನೂ ಸೇರಿಸಿಕೊಳ್ಳುತ್ತವೆ. ಇನ್ನು ಕೆಲವು ಒಂದೇ ಆಡಳಿತದ ಎರಡು ಕಟ್ಟಡಗಳು: ಪಾಠ ಬೇರೆ ಬೇರೆ, ನಾಟಕ ಮತ್ತು ವಿಜ್ಞಾನ ಮೇಳ ಒಟ್ಟಿಗೆ. ಸೇರಿಸುವ ಮೊದಲು ಇದನ್ನು ಸ್ಪಷ್ಟವಾಗಿ ಕೇಳಿ ತಿಳಿಯಬೇಕು, ಯಾಕೆಂದರೆ ಕೊನೆಯ ವರ್ಷಗಳ ಅನುಭವ ಇದರ ಮೇಲೆ ನಿಂತಿದೆ.

ಹುಡುಗರಿಲ್ಲದಿದ್ದರೆ ಅಂಕ ಹೆಚ್ಚುತ್ತದೆಯೇ?

ತಂದೆತಾಯಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸಂಶೋಧಕರು ಇದನ್ನು ದಶಕಗಳಿಂದ ಕೆದಕಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 21 ದೇಶಗಳ, ಸುಮಾರು 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಸರಿಯಾಗಿ ಹೋಲಿಕೆ ಮಾಡದ ಅಧ್ಯಯನಗಳಲ್ಲಿ ಪ್ರತ್ಯೇಕ ಶಾಲೆಗಳಿಗೆ (ಹುಡುಗಿಯರಿಗೆ ಮಾತ್ರ ಅಥವಾ ಹುಡುಗರಿಗೆ ಮಾತ್ರ ಇರುವ ಶಾಲೆಗಳಿಗೆ) ಸಣ್ಣ ಮೇಲುಗೈ ಕಾಣುತ್ತಿತ್ತು. ಮಕ್ಕಳ ಮನೆಯ ಸ್ಥಿತಿಗತಿ, ಮೊದಲಿನ ಅಂಕ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಅಧ್ಯಯನಗಳಲ್ಲಿ ಆ ಮೇಲುಗೈ ಹೆಚ್ಚುಕಡಿಮೆ ಕರಗಿಹೋಯಿತು.

ಕಾರಣ ಅರ್ಥವಾಗಬೇಕಾದರೆ ಬಿತ್ತನೆಯ ಬೀಜ ನೆನಪಿಸಿಕೊಳ್ಳಿ. ಜೊಳ್ಳು ತೂರಿ, ಗಟ್ಟಿ ಕಾಳನ್ನಷ್ಟೇ ಆರಿಸಿ ಒಂದು ಹೊಲಕ್ಕೆ ಬಿತ್ತಿ, ಆರಿಸದ ಬೀಜವನ್ನು ಪಕ್ಕದ ಹೊಲಕ್ಕೆ ಚೆಲ್ಲಿದರೆ ಮೊದಲ ಹೊಲದ ಬೆಳೆ ಚೆನ್ನಾಗಿರುತ್ತದೆ. ಅದರಿಂದ ಆ ಮಣ್ಣು ಒಳ್ಳೆಯದೆಂದು ಹೇಳಲಾಗದು. ಪ್ರವೇಶ ಪರೀಕ್ಷೆ ಇಟ್ಟು, ಸಂದರ್ಶನ ಮಾಡಿ, ಫೀಸು ಕಟ್ಟಬಲ್ಲವರನ್ನು ಸೇರಿಸಿಕೊಳ್ಳುವ ಶಾಲೆಯ ಫಲಿತಾಂಶದಲ್ಲಿ ಆ ಆಯ್ಕೆಯ ಪಾಲು ಎಷ್ಟು, ಪಾಠದ ಪಾಲು ಎಷ್ಟು ಎಂದು ಬೇರ್ಪಡಿಸುವುದೇ ಕಷ್ಟ.

ಆ ಆಯ್ಕೆಯೇ ಇಲ್ಲದ ಅಪರೂಪದ ಉದಾಹರಣೆ ದಕ್ಷಿಣ ಕೊರಿಯಾದ ಸೋಲ್ ನಗರ. ಅಲ್ಲಿ ಯಾವ ವಿದ್ಯಾರ್ಥಿ ಯಾವ ಪ್ರೌಢಶಾಲೆಗೆ ಎಂಬುದು ಲಾಟರಿಯಂತೆ ಹಂಚಿಕೆಯಾಗುತ್ತಿತ್ತು. ಆ ಮಾಹಿತಿ ಬಳಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಣ್ಣುಮಕ್ಕಳ ಶಾಲೆಗೆ ಹೋದವರು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು. ಕೆರಿಬಿಯನ್ ದ್ವೀಪರಾಷ್ಟ್ರ ಟ್ರಿನಿಡಾಡ್ ಮತ್ತು ಟೊಬೇಗೊ ಬಗ್ಗೆ 2012ರಲ್ಲಿ ಬಂದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಪ್ರತ್ಯೇಕ ಶಾಲೆಯೇ ಬೇಕೆಂದು ಬಲವಾಗಿ ಬಯಸಿ ಹೋದವರಿಗೆ, ಅದರಲ್ಲೂ ಹುಡುಗಿಯರಿಗೆ, ಲಾಭವಾಗಿತ್ತು. ಉಳಿದ ಹೆಚ್ಚಿನವರಿಗೆ ಯಾವ ವ್ಯತ್ಯಾಸವೂ ಆಗಿರಲಿಲ್ಲ.

ವಿಷಯಗಳ ಆಯ್ಕೆಯಲ್ಲೂ ಉತ್ತರ ಒಂದೇ ಅಲ್ಲ. ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳನ್ನು ನೋಡಿದ 2012ರ ವರದಿಯೊಂದರಲ್ಲಿ, ಸಹಶಿಕ್ಷಣ ಶಾಲೆಗಳ ಹುಡುಗಿಯರಿಗಿಂತ ಹೆಣ್ಣುಮಕ್ಕಳ ಶಾಲೆಗಳಿಂದ ಮುಂದೆ ಭೌತಶಾಸ್ತ್ರ ಆರಿಸಿಕೊಂಡವರ ಪ್ರಮಾಣ ಸುಮಾರು ಎರಡೂವರೆ ಪಟ್ಟು. ಟ್ರಿನಿಡಾಡಿನಲ್ಲಿ ಕಂಡದ್ದು ಇದಕ್ಕೆ ತಿರುಗುಮುರುಗು: ಹೆಣ್ಣುಮಕ್ಕಳ ಶಾಲೆಯವರು ವಿಜ್ಞಾನ ವಿಷಯಗಳನ್ನು ಕಡಿಮೆ ತೆಗೆದುಕೊಂಡಿದ್ದರು. ಹುಡುಗರಿಲ್ಲ ಎಂಬುದೊಂದೇ ಏನನ್ನೂ ನಿರ್ಧರಿಸುವುದಿಲ್ಲ. ಆ ಶಾಲೆಯಲ್ಲಿ ಭೌತಶಾಸ್ತ್ರಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ, ವೇಳಾಪಟ್ಟಿಯಲ್ಲಿ ಅದು ಬೇರೆ ಯಾವ ವಿಷಯದ ಜೊತೆ ಡಿಕ್ಕಿ ಹೊಡೆಯುತ್ತದೆ ಎಂಬುದು ಹೆಚ್ಚು ನಿರ್ಧರಿಸುತ್ತದೆ. ಚಿಕ್ಕ ಶಾಲೆಗಳಲ್ಲಿ ‘ಆರು ಮಂದಿಯೂ ಇಲ್ಲ, ಈ ವರ್ಷ ಆ ವಿಷಯ ನಡೆಸಲಾಗದು’ ಎಂಬ ಉತ್ತರ ಕೊನೆಗಳಿಗೆಯಲ್ಲಿ ಬರುವುದುಂಟು. ಕಳೆದ ಮೂರು ವರ್ಷ ಯಾವ ವಿಷಯವನ್ನು ಎಷ್ಟು ಮಂದಿ ತೆಗೆದುಕೊಂಡರು ಎಂಬ ಪಟ್ಟಿ ಕೇಳಿದರೆ ಇದು ಮೊದಲೇ ತಿಳಿಯುತ್ತದೆ.

ನೂರಕ್ಕೆ ನೂರು ಹೇಗೆ ಬರುತ್ತದೆ

ಗೇಟಿನ ಮೇಲೆ ಬ್ಯಾನರ್ ಇರುತ್ತದೆ: ‘100% ಫಲಿತಾಂಶ’. ಎಷ್ಟಕ್ಕೆ ನೂರು ಎಂದು ಕೇಳಬೇಕು. ಎಂಟನೇ ತರಗತಿಯಲ್ಲಿ 120 ಹುಡುಗಿಯರಿದ್ದರು ಎಂದುಕೊಳ್ಳಿ. ಓದಿನಲ್ಲಿ ಹಿಂದಿರುವ 14 ಮಂದಿಗೆ ‘ನಿಮ್ಮ ಮಗಳಿಗೆ ಇಲ್ಲಿನ ಒತ್ತಡ ಆಗಿಬರುವುದಿಲ್ಲ’ ಎಂದು ಹೇಳಿ ಬೇರೆ ಶಾಲೆಗೆ ಕಳಿಸಿದರು. 8 ಮಂದಿಯನ್ನು ಶಾಲೆಯ ಹೆಸರಿನಲ್ಲಿ ಅಲ್ಲದೆ ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆಗೆ ಕೂರಿಸಿದರು. ಉಳಿದ 98 ಮಂದಿಯೂ ಪಾಸಾದರು. ಬ್ಯಾನರ್ ಸುಳ್ಳಲ್ಲ. ಆದರೆ ಸೇರಿದ 120ರಲ್ಲಿ ಶಾಲೆ ದಡ ಮುಟ್ಟಿಸಿದ್ದು 98ನ್ನು, ಅಂದರೆ ನೂರಕ್ಕೆ ಸುಮಾರು 82. ‘ಎಂಟನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅದೇ ಬ್ಯಾಚಿನಲ್ಲಿ ಕೊನೆಯ ಪರೀಕ್ಷೆಗೆ ಎಷ್ಟು ಮಂದಿ ಕೂತರು?’ ಎಂಬ ಒಂದೇ ಪ್ರಶ್ನೆ ಸಾಕು. ಹಾಗೆ ಕಳಿಸಲ್ಪಟ್ಟ ಹುಡುಗಿಯರ ಅನುಭವ ಯಾರ ಬಾಯಲ್ಲೂ ಬರುವುದಿಲ್ಲ, ಯಾಕೆಂದರೆ ಅವರು ಈಗ ಆ ಶಾಲೆಯವರೇ ಅಲ್ಲ. ಅವರನ್ನು ಹುಡುಕಿ ಕೇಳುವುದು ಬಹಳ ಮುಖ್ಯ.

ತರಗತಿಯೊಳಗೆ ನಿಜವಾಗಿ ಬದಲಾಗುವುದು

ಅಂಕದಾಚೆ ವಿದ್ಯಾರ್ಥಿನಿಯರು ಮತ್ತೆ ಮತ್ತೆ ಹೇಳುವ ಕೆಲವು ಸಂಗತಿಗಳಿವೆ. ಎಲ್ಲ ಕೆಲಸವೂ ಹುಡುಗಿಯರದೇ ಎಂಬುದು ಮೊದಲನೆಯದು. ಬೆಂಚು ಹೊರುವವರು, ಮೈಕಿನ ವೈರು ಜೋಡಿಸುವವರು, ನಾಟಕದ ಲೈಟು ಹತ್ತಿಸುವವರು, ಶಾಲಾ ನಾಯಕಿ, ಖಜಾಂಚಿ, ಕ್ವಿಜ್ ತಂಡ ಎಲ್ಲವೂ. ಪ್ರಯೋಗಾಲಯದಲ್ಲಿ ಹುಡುಗ ಪ್ರಯೋಗ ಮಾಡುವುದು, ಹುಡುಗಿ ಅಂಕಿ ಬರೆದುಕೊಳ್ಳುವುದು ಎಂಬ ಹಂಚಿಕೆ ಮುರಿಯುತ್ತದೆ. ಆದರೆ ಉಪಕರಣ ಸಾಲದಿದ್ದರೆ ಇಲ್ಲೂ ಅದೇ ಹಳೆಯ ಹಂಚಿಕೆ ಮರಳುತ್ತದೆ. ನಾಲ್ವರಿಗೆ ಒಂದು ಸೆಟ್ ಇದ್ದರೆ ಜೋರಿನವಳು ಕೈ ಹಾಕುತ್ತಾಳೆ, ಮೂವರು ನೋಡುತ್ತಾರೆ. ಇಬ್ಬರಿಗೆ ಒಂದು ಸೆಟ್ ಎಂಬುದು ಒಳ್ಳೆಯ ಲಕ್ಷಣ. ಕೀಲಿ ಹಾಕಿದ ಗಾಜಿನ ಕಪಾಟಿನಲ್ಲಿ ಹೊಳೆಯುವ ಸೂಕ್ಷ್ಮದರ್ಶಕಗಳಿಗಿಂತ, ಹಿಡಿಕೆಯ ಬಣ್ಣ ಸವೆದ ಸೂಕ್ಷ್ಮದರ್ಶಕಗಳನ್ನು ಕಂಡರೆ ನಂಬಿಕೆ ಬರುತ್ತದೆ.

ಆಟದ ಮೈದಾನಕ್ಕೂ ಇದೇ ಕಣ್ಣು ಬೇಕು. ಹುಡುಗರು ಮೈದಾನ ಆವರಿಸಿಕೊಳ್ಳುವ ತೊಂದರೆ ಇಲ್ಲಿಲ್ಲ. ಹಾಗಿದ್ದೂ ಹಲವು ಹುಡುಗಿಯರು 12-13ರ ವಯಸ್ಸಿಗೆ ಆಟ ಬಿಡುತ್ತಾರೆ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದು, ಸಮವಸ್ತ್ರ ಓಡಲು ಆಗದಂತಿರುವುದು, ಮುಟ್ಟಿನ ದಿನಗಳಲ್ಲಿ ಕಲೆಯಾದೀತೆಂಬ ಅಂಜಿಕೆ, ತಂಡಕ್ಕೆ ಆಯ್ಕೆಯಾದ ಹನ್ನೆರಡು ಮಂದಿ ಬಿಟ್ಟರೆ ಉಳಿದವರಿಗೆ ಆಡುವ ಅವಕಾಶವೇ ಇಲ್ಲದಿರುವುದು ಇದಕ್ಕೆ ಕಾರಣ. ಆಟದ ದಿನ ಗಾಢ ಬಣ್ಣದ ಪ್ಯಾಂಟಿಗೆ ಅವಕಾಶ ಕೊಟ್ಟ ಶಾಲೆ ಈ ಸಮಸ್ಯೆಯ ಅರ್ಧವನ್ನು ಖರ್ಚಿಲ್ಲದೆ ಬಗೆಹರಿಸುತ್ತದೆ.

ಇನ್ನೊಂದು ಪ್ರಶ್ನೆ ತಂದೆತಾಯಿ ಪಿಸುಮಾತಿನಲ್ಲಿ ಕೇಳುತ್ತಾರೆ: ಮುಂದೆ ಕಾಲೇಜಿನಲ್ಲಿ ಹುಡುಗರ ಜೊತೆ ಬೆರೆಯಲು ಕಷ್ಟವಾಗುವುದೇ? ಮೊದಲ ಕೆಲವು ತಿಂಗಳು ಮುಜುಗರ ಆಗುತ್ತದೆ ಎಂದು ಹಲವರು ಹೇಳುತ್ತಾರೆ. ಅಣ್ಣತಮ್ಮಂದಿರು, ನೆರೆಯ ಹುಡುಗರು, ಬೇರೆ ಶಾಲೆಗಳ ಜೊತೆಗಿನ ಚರ್ಚಾ ಸ್ಪರ್ಧೆ ಇದ್ದವರಿಗೆ ಅದು ಬೇಗ ಕಳೆಯುತ್ತದೆ. ಹುಡುಗರ ಜೊತೆ ಮಾತಾಡಿದ್ದನ್ನೇ ತಪ್ಪೆಂದು ಬರೆದಿಟ್ಟುಕೊಳ್ಳುವ ಶಾಲೆಯಲ್ಲಿ ಓದಿದವರಿಗೆ ಹೆಚ್ಚು ಕಾಲ ಹಿಡಿಯುತ್ತದೆ.

ಖಾಲಿಯಾಗದ ನೀರಿನ ಬಾಟಲಿ

ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ಮುಕ್ಕಾಲು ಹಾಗೆಯೇ ಮರಳಿ ಬರುತ್ತಿದ್ದರೆ ಗದರುವ ಮೊದಲು ಶೌಚಾಲಯದ ಬಗ್ಗೆ ಕೇಳಿ. ಅಲ್ಲಿಗೆ ಹೋಗುವುದನ್ನು ತಪ್ಪಿಸಲು ನೀರೇ ಕುಡಿಯದಿರುವುದು ಹುಡುಗಿಯರಲ್ಲಿ ತೀರಾ ಸಾಮಾನ್ಯ. ತಲೆನೋವು, ಮಲಬದ್ಧತೆ, ಮೂತ್ರನಾಳದ ಸೋಂಕು ಇದರ ಹಿಂದೆಯೇ ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 25 ಹುಡುಗಿಯರಿಗೆ ಒಂದು ಶೌಚಾಲಯ ಇರಬೇಕೆನ್ನುತ್ತದೆ. 600 ಹುಡುಗಿಯರ ಶಾಲೆಗೆ 24 ಬೇಕು. ಅಷ್ಟಿದ್ದರೂ ಲೆಕ್ಕ ಮುಗಿಯುವುದಿಲ್ಲ. ಬಿಡುವು 15 ನಿಮಿಷ, ಒಬ್ಬಳಿಗೆ 3 ನಿಮಿಷ ಬೇಕು ಎಂದರೆ ಒಂದೊಂದು ಶೌಚಾಲಯ 5 ಮಂದಿಗೆ ಸಿಗುತ್ತದೆ. 24ರಿಂದ 120 ಮಂದಿ, ಅಂದರೆ ಶಾಲೆಯ ಐದನೇ ಒಂದು ಭಾಗ. ಎಲ್ಲರಿಗೂ ಒಂದೇ ಹೊತ್ತಿಗೆ ಬಿಡುವು ಬಿಟ್ಟು, ಪಾಠದ ನಡುವೆ ಹೋಗಲು ಬಿಡುವುದಿಲ್ಲ ಎಂದರೆ ಉಳಿದವರು ತಡೆದುಕೊಂಡು ಕೂರಬೇಕು. ಬಿಡುವನ್ನು ತರಗತಿವಾರು ಬೇರೆ ಬೇರೆ ಹೊತ್ತಿಗೆ ಹಂಚಿದ್ದಾರೆಯೇ, ಪಾಠದ ನಡುವೆ ಕೇಳಿದರೆ ಕಾರಣ ಹೇಳಿಸದೆ ಬಿಡುತ್ತಾರೆಯೇ ಎಂದು ವಿಚಾರಿಸಿ.

ಶಾಲೆ ನೋಡಲು ಹೋದಾಗ ಅತಿಥಿಗಳ ಶೌಚಾಲಯ ತೋರಿಸುತ್ತಾರೆ. ಎಂಟನೇ ತರಗತಿಯ ಮಹಡಿಯದನ್ನು, ಅದೂ ಊಟದ ಬಿಡುವು ಮುಗಿದ ಮೇಲೆ ನೋಡಲು ಕೇಳಿ. ಪ್ರತಿ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳಬೇಕು. ನಲ್ಲಿಯಲ್ಲಿ ನೀರು, ಸೋಪು ಇರಬೇಕು. ಮುಚ್ಚಳದ ಕಸದ ಬುಟ್ಟಿ ಬಾಗಿಲಿನ ಒಳಗೆ ಇರಬೇಕು. ಹೊರಗಿದ್ದರೆ ಎಲ್ಲರೆದುರು ಪ್ಯಾಡ್ ಹಿಡಿದು ನಡೆಯಬೇಕಾಗುತ್ತದೆ, ಹುಡುಗಿಯರು ಅದರ ಬದಲು ಫ್ಲಶ್ ಮಾಡುತ್ತಾರೆ, ಪೈಪು ಕಟ್ಟಿಕೊಳ್ಳುತ್ತದೆ, ಒಂದು ಶೌಚಾಲಯ ವಾರಗಟ್ಟಲೆ ಮುಚ್ಚುತ್ತದೆ. ಪ್ಯಾಡ್ ಯಾರ ಬಳಿ ಇದೆ ಎಂಬುದೂ ಮುಖ್ಯ. ಸ್ಟಾಫ್ ರೂಮಿಗೆ ಹೋಗಿ ಹತ್ತು ಶಿಕ್ಷಕರೆದುರು ಕೇಳಬೇಕಾದರೆ ಮೊದಲ ಬಾರಿ ಮುಟ್ಟಾದ ಹನ್ನೊಂದರ ಹುಡುಗಿ ಕೇಳುವುದಿಲ್ಲ. ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಸಂಜೆಯವರೆಗೆ ಕೂರುತ್ತಾಳೆ.

ಗೆಳತಿಯರ ಗುಂಪು ಮತ್ತು ಸದ್ದಿಲ್ಲದ ಹಿಂಸೆ

‘ಹುಡುಗರಿಲ್ಲ, ಆದ್ದರಿಂದ ಕಾಟ ಇಲ್ಲ’ ಎಂಬ ನಂಬಿಕೆಯೇ ಹೆಚ್ಚಿನ ಪೆಟ್ಟು ಕೊಡುತ್ತದೆ. ಹೊಡೆತ, ತಳ್ಳಾಟ ಕಡಿಮೆ ಇರಬಹುದು. ಸಂಬಂಧವನ್ನೇ ಆಯುಧ ಮಾಡಿಕೊಳ್ಳುವ ಹಿಂಸೆ ಬೇರೆ ಬಗೆಯದು. ಮನೋವಿಜ್ಞಾನಿಗಳು 1995ರ ಹೊತ್ತಿಗೇ ಇದನ್ನು ಪ್ರತ್ಯೇಕ ಬಗೆಯಾಗಿ ಗುರುತಿಸಿ ಅಧ್ಯಯನ ಮಾಡಿದ್ದಾರೆ. ಒಬ್ಬಳನ್ನು ಬಿಟ್ಟು ಎಲ್ಲರನ್ನೂ ಹುಟ್ಟುಹಬ್ಬಕ್ಕೆ ಕರೆಯುವುದು, ಅವಳು ಬಂದ ತಕ್ಷಣ ಮಾತು ನಿಲ್ಲಿಸುವುದು, ಗ್ರೂಪಿನಿಂದ ತೆಗೆದು ಹೊಸ ಗ್ರೂಪ್ ಮಾಡುವುದು, ‘ಅವಳ ಜೊತೆ ಮಾತಾಡಿದರೆ ನಿನ್ನ ಜೊತೆ ಠೂ’ ಎನ್ನುವುದು. ಇದು ಹುಡುಗರಲ್ಲೂ ಇದೆ, ಸಹಶಿಕ್ಷಣ ಶಾಲೆಗಳಲ್ಲೂ ಇದೆ. ಹೆಣ್ಣುಮಕ್ಕಳ ಚಿಕ್ಕ ಶಾಲೆಯಲ್ಲಿ ಕಷ್ಟವೇನೆಂದರೆ ತಪ್ಪಿಸಿಕೊಂಡು ಹೋಗಲು ಬೇರೆ ಗುಂಪಿರುವುದಿಲ್ಲ. 24 ಹುಡುಗಿಯರ ಒಂದೇ ಸೆಕ್ಷನ್, ಹತ್ತು ವರ್ಷ ಅದೇ ಮುಖಗಳು ಎಂದರೆ ಐದನೆಯದರಲ್ಲಿ ಬಿದ್ದ ಅಡ್ಡಹೆಸರು ಹತ್ತನೆಯದಕ್ಕೂ ಹಿಂಬಾಲಿಸುತ್ತದೆ.

ಗಾಯವಾಗಲಿ ಹರಿದ ಪುಸ್ತಕವಾಗಲಿ ಇಲ್ಲದ ಕಾರಣ ತಂದೆತಾಯಿಗೆ ಇದು ಕಾಣುವುದೇ ಇಲ್ಲ. ಭಾನುವಾರ ಸಂಜೆ ಬರುವ ಹೊಟ್ಟೆನೋವು, ಡಬ್ಬಿ ಮರಳಿ ಬರುವುದು, ತಿಂಗಳ ಹಿಂದೆ ದಿನಾ ಕೇಳುತ್ತಿದ್ದ ಗೆಳತಿಯ ಹೆಸರು ಏಕಾಏಕಿ ಮಾಯವಾಗುವುದು ಇವು ಸೂಚನೆಗಳು. ‘ಶಾಲೆ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬ ಉತ್ತರವೇ ಬರುತ್ತದೆ. ‘ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?’ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ.

ಶಾಲೆಗಳು ಮಾಡಬಹುದಾದ್ದು ಬೇಕಾದಷ್ಟಿದೆ. ಪ್ರತಿ ವರ್ಷ ಸೆಕ್ಷನ್ ಕಲಸುವುದು, ಗುಂಪು ಕೆಲಸಕ್ಕೆ ತಂಡವನ್ನು ಶಿಕ್ಷಕರೇ ಮಾಡುವುದು (‘ನಿಮಗೆ ಬೇಕಾದವರ ಜೊತೆ ಸೇರಿ’ ಎಂದಾಗ ಉಳಿದುಹೋಗುವವಳು ಯಾವಾಗಲೂ ಅದೇ ಹುಡುಗಿ), ಊಟದ ಹೊತ್ತಿಗೆ ಗ್ರಂಥಾಲಯ ತೆರೆದಿಡುವುದು. ಇವುಗಳಲ್ಲಿ ಎಷ್ಟನ್ನು ಮಾಡುತ್ತಾರೆ ಎಂದು ಪ್ರಾಂಶುಪಾಲರನ್ನು ಕೇಳಬಹುದು. ‘ನಮ್ಮಲ್ಲಿ ಅಂಥದ್ದೇ ಇಲ್ಲ’ ಎಂಬ ಉತ್ತರಕ್ಕಿಂತ ‘ಕಳೆದ ವರ್ಷ ಹೀಗೊಂದು ಆಯಿತು, ಹೀಗೆ ಸರಿಮಾಡಿದೆವು’ ಎಂಬ ಉತ್ತರ ಹೆಚ್ಚು ಭರವಸೆ ಕೊಡುತ್ತದೆ.

ದೂರು ಎಲ್ಲಿ ಸಿಕ್ಕಿಕೊಳ್ಳುತ್ತದೆ

ತಂದೆತಾಯಿಯ ಕಹಿ ಅನುಭವಗಳಲ್ಲಿ ಹೆಚ್ಚಿನವು ಮೂಲ ತೊಂದರೆಯವಲ್ಲ, ಅದನ್ನು ಹೇಳಿಕೊಂಡ ಮೇಲೆ ಆದದ್ದರವು. ಗೇಟಿನ ಬಳಿ ಬಾಯಿಮಾತಿನಲ್ಲಿ ಹೇಳಿದ ದೂರಿಗೆ ದಾಖಲೆ ಇರುವುದಿಲ್ಲ, ಮರುದಿನಕ್ಕೆ ಮರೆತುಹೋಗುತ್ತದೆ. ಮೊದಲು ಕ್ಲಾಸ್ ಟೀಚರಿಗೆ ಬರೆದು ಕೊಡಿ: ಯಾವ ದಿನ, ಎಲ್ಲಿ, ಏನಾಯಿತು, ಯಾರು ನೋಡಿದರು, ನಿಮಗೆ ಏನು ಆಗಬೇಕು. ‘ನನ್ನ ಮಗಳಿಗೆ ಎಲ್ಲರೂ ಕಾಟ ಕೊಡುತ್ತಾರೆ’ ಎಂಬುದರ ಮೇಲೆ ಯಾರೂ ಕ್ರಮ ಕೈಗೊಳ್ಳಲಾಗದು. ‘ಮೂರು ವಾರದಿಂದ ಬಸ್ಸಿನಲ್ಲಿ ಅವಳ ಪಕ್ಕ ಯಾರನ್ನೂ ಕೂರಲು ಬಿಡುತ್ತಿಲ್ಲ, ಸೀಟು ಗೊತ್ತುಮಾಡಿ ಕೊಡಿ’ ಎಂಬುದರ ಮೇಲೆ ಕೈಗೊಳ್ಳಬಹುದು. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಸೇರಿಸಿ ಮುಖ್ಯೋಪಾಧ್ಯಾಯರಿಗೆ, ಅಲ್ಲಿಂದ ಆಡಳಿತ ಮಂಡಳಿಗೆ. ದೈಹಿಕ ಅಪಾಯ ಅಥವಾ ಲೈಂಗಿಕ ಕಿರುಕುಳದ ವಿಷಯದಲ್ಲಿ ಮಾತ್ರ ಈ ಮೆಟ್ಟಿಲು ಹತ್ತುತ್ತ ಕೂರಬಾರದು. ಅದೇ ದಿನ ಮುಖ್ಯಸ್ಥರಿಗೂ ಶಾಲೆಯ ಹೊರಗಿನ ಅಧಿಕಾರಿಗಳಿಗೂ ತಿಳಿಸಬೇಕು. ಎಲ್ಲರೂ ಹೆಂಗಸರೇ ಇರುವ ಶಾಲೆಯೆಂದು ಈ ಎಚ್ಚರ ಸಡಿಲಿಸುವಂತಿಲ್ಲ. ಬಸ್ಸಿನ ಚಾಲಕರು, ಹೊರಗಿನ ತರಬೇತುದಾರರು, ಪ್ರವಾಸ ಇವುಗಳ ಮೇಲ್ವಿಚಾರಣೆ ಯಾರದು ಎಂದು ಸೇರಿಸುವಾಗಲೇ ಕೇಳಿ ತಿಳಿಯಬೇಕು.

ಫೀಸಿನ ಲೆಕ್ಕ

ಮೊದಲ ವರ್ಷದ ಬೋಧನಾ ಶುಲ್ಕವನ್ನಷ್ಟೇ ನೋಡಿ ಸೇರಿಸಿದವರು ನಾಲ್ಕನೇ ವರ್ಷಕ್ಕೆ ಕಂಗಾಲಾಗುತ್ತಾರೆ. ದಾಖಲಾತಿ ಶುಲ್ಕ, ಠೇವಣಿ, ಬಸ್ಸು, ಸಮವಸ್ತ್ರ, ಪುಸ್ತಕ, ಪರೀಕ್ಷೆ, ಪ್ರವಾಸ, ಕ್ಲಬ್ಬು ಎಲ್ಲ ಸೇರಿಸಿ ಒಂದು ವರ್ಷದ ಮೊತ್ತ ಕೇಳಿ. ಆಮೇಲೆ ಏರಿಕೆ ಲೆಕ್ಕ ಹಾಕಿ. ವರ್ಷಕ್ಕೆ ನೂರಕ್ಕೆ 8ರಂತೆ ಏರಿದರೆ 9 ವರ್ಷಕ್ಕೆ ಫೀಸು ಎರಡು ಪಟ್ಟಾಗುತ್ತದೆ. ನೂರಕ್ಕೆ 10ರಂತೆ ಏರಿದರೆ 12 ವರ್ಷಕ್ಕೆ ಮೂರು ಪಟ್ಟು ದಾಟುತ್ತದೆ. ನಡುವೆ ಬಿಟ್ಟರೆ ಏನು ಮರಳುತ್ತದೆ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಅರ್ಜಿಯ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿರುತ್ತದೆ. ವಿದ್ಯಾರ್ಥಿವೇತನ ಸಿಕ್ಕಿದ್ದರೆ ಅದು ಪ್ರತಿ ವರ್ಷವೂ ಇದೆಯೇ, ಅಂಕ ಇಳಿದರೆ ಹೋಗುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

ನಾಲ್ಕು ಬಗೆಯವರು ಸಿಕ್ಕರೆ ಚಿತ್ರ ಸಾಕಷ್ಟು ತುಂಬುತ್ತದೆ: ನಿಮ್ಮ ಮಗಳು ಸೇರುವ ತರಗತಿಯಲ್ಲೇ ಈಗ ಇರುವವಳು, ಅದಕ್ಕಿಂತ ಮೂರು ತರಗತಿ ಮುಂದಿರುವವಳು, ಶಾಲೆ ಮುಗಿಸಿ ಒಂದೆರಡು ವರ್ಷವಾದವಳು, ನಡುವೆ ಬಿಟ್ಟುಹೋದವಳು. ಅಭಿಪ್ರಾಯ ಕೇಳಬೇಡಿ, ನಡೆದದ್ದು ಕೇಳಿ. ‘ಶಿಕ್ಷಕರು ಒಳ್ಳೆಯವರೇ?’ ಎನ್ನುವುದರ ಬದಲು ‘ಈ ವರ್ಷ ಗಣಿತಕ್ಕೆ ಎಷ್ಟು ಜನ ಶಿಕ್ಷಕರು ಬದಲಾದರು?’ ಎಂದು ಕೇಳಿ. ‘ಶಿಸ್ತು ಹೇಗಿದೆ?’ ಎನ್ನುವುದರ ಬದಲು ‘ಹೋಂವರ್ಕ್ ತರದಿದ್ದರೆ ಏನು ಮಾಡುತ್ತಾರೆ?’ ಎಂದು ಕೇಳಿ. ಒಬ್ಬರು ಹೇಳಿದ್ದು ಒಂದು ಘಟನೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರು ಅದನ್ನೇ ಹೇಳಿದರೆ ಅದು ಶಾಲೆಯ ರೀತಿ. ಹಾಸ್ಟೆಲ್ ಇರುವ ಶಾಲೆಯಾದರೆ ಇನ್ನೊಂದು ಪ್ರಶ್ನೆ ಸೇರಿಸಿ: ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟುತ್ತಿದ್ದೆ?

ಮಗಳನ್ನೂ ಒಂದು ಪೂರ್ತಿ ದಿನ ಅಲ್ಲಿ ಕೂರಿಸಲು ಸಾಧ್ಯವೇ ಎಂದು ವಿಚಾರಿಸಿ. ಎಷ್ಟೋ ಶಾಲೆಗಳು ಒಪ್ಪುತ್ತವೆ. ಬಯಸಿ ಹೋದವರಿಗೆ ಲಾಭ ಎಂದ ಟ್ರಿನಿಡಾಡಿನ ಅಧ್ಯಯನ ಇಲ್ಲಿ ನೆನಪಿರಲಿ. ಸಂಜೆ ಅವಳು ಮನೆಗೆ ಬಂದಾಗ ಇಷ್ಟವಾಯಿತೇ ಎಂದು ಕೇಳುವ ಅವಸರ ಬೇಡ. ಊಟಕ್ಕೆ ಯಾರು ಜೊತೆಗೆ ಕರೆದರು, ಶೌಚಾಲಯ ಎಲ್ಲಿತ್ತು, ಪಾಠದಲ್ಲಿ ಅರ್ಥವಾಗದ್ದನ್ನು ಯಾರಾದರೂ ಎದ್ದು ಕೇಳಿದರೇ, ಕೇಳಿದಾಗ ಮಿಸ್ ಏನೆಂದರು ಎಂದು ಕೇಳಿ. ಬಾಟಲಿಯಲ್ಲಿ ನೀರು ಎಷ್ಟು ಉಳಿದಿದೆ ಎಂದೂ ನೋಡಿ.